ನಗುತ್ತಾರೆ, ಒಳಗೆ ಕರೆಯುವುದಿಲ್ಲ: ಬಾಗಲಕೋಟೆಯಿಂದ ಮಂಗಳೂರಿಗೆ ಬಂದವರ ಪ್ರಶ್ನೆ

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯವಳು, ವಯಸ್ಸು 36. ಊರಿನ ಖಾಸಗಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಯಜಮಾನರಿಗೆ ವರ್ಗವಾದ್ದರಿಂದ ಕೆಲಸ ಬಿಟ್ಟು ಕಳೆದ ವರ್ಷ ಜೂನ್‌ನಲ್ಲಿ ಮಂಗಳೂರಿಗೆ ಬಂದೆ. ಮಗಳು ಮೂರನೆಯ ತರಗತಿಯಲ್ಲಿದ್ದಾಳೆ. ನಮ್ಮ ಓಣಿಯಲ್ಲಿ ಮಧ್ಯಾಹ್ನ ಬಾಗಿಲು ಹಾಕಿಕೊಂಡರೆ ‘ಯಾಕ, ಆರಾಮಿಲ್ಲೇನು?’ ಎಂದು ಯಾರಾದರೂ ಕೇಳಿಕೊಂಡು ಬರುತ್ತಿದ್ದರು. ಇಲ್ಲಿ ಅಪಾರ್ಟ್‌ಮೆಂಟಿನ ಎದುರು ಮನೆಯವರು ಲಿಫ್ಟಿನಲ್ಲಿ ನಗುತ್ತಾರೆ, ‘ಊಟ ಆಯ್ತಾ?’ ಎನ್ನುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ. ಸಂಕ್ರಾಂತಿಗೆ ಶೇಂಗಾ ಹೋಳಿಗೆ ಕೊಟ್ಟೆ. ಮರುದಿನ ಡಬ್ಬಿ ತೊಳೆದು, ‘ಲಾಯ್ಕ ಇತ್ತು’ ಎಂದು ಖಾಲಿ ಡಬ್ಬಿ ವಾಪಸು ಕೊಟ್ಟರು. ಶಾಲೆಯ ಗೇಟಿನಲ್ಲಿ ತಾಯಂದಿರು ನನ್ನೊಡನೆ ಎರಡು ಮಾತು ಕನ್ನಡದಲ್ಲಿ ಆಡಿ ಮತ್ತೆ ತುಳುವಿಗೆ ತಿರುಗುತ್ತಾರೆ. ಇವರಿಗೆ ಘಟ್ಟದ ಮೇಲಿನವರೆಂದರೆ ಅಸಡ್ಡೆಯೇ? ನನ್ನ ಮಾತು ಒರಟೇ? ದಿನಾ ಅವ್ವನ ಜೊತೆ, ಅಕ್ಕನ ಜೊತೆ ಫೋನಿನಲ್ಲಿ ಮಾತಾಡುವುದೇ ಸಮಾಧಾನ. ಕೆಲವು ಸಂಜೆ ಸುಮ್ಮನೆ ಅಳು ಬರುತ್ತದೆ. ಯಜಮಾನರು ‘ನೀ ಭಾಳ ಮನಸ್ಸಿಗೆ ಹಚ್ಕೋತಿ’ ಅಂತಾರೆ. ಹುಬ್ಬಳ್ಳಿಗೆ ವರ್ಗ ಕೇಳುವುದೇ ಒಳ್ಳೆಯದೇನೋ ಅನಿಸುತ್ತಿದೆ. ನಿಮ್ಮ ಅಭಿಪ್ರಾಯ ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ. ಇಲ್ಲಿಯ ಜನರೇ ಹೀಗೆಯೇ, ಕೊರತೆ ನನ್ನಲ್ಲಿದೆಯೇ, ಊರು ಬದಲಿಸಿದರೆ ಇದು ಸರಿಹೋಗುತ್ತದೆಯೇ ಎಂಬ ಮೂರಕ್ಕೂ ಒಂದೇ ಉತ್ತರ ಇಲ್ಲವಾದ್ದರಿಂದ ಬಿಡಿಬಿಡಿಯಾಗಿ ನೋಡೋಣ. ಅದಕ್ಕೆ ಮೊದಲು ಒಂದು ಮಾತು. ಡಬ್ಬಿಯ ಬಗ್ಗೆ, ಶಾಲೆಯ ಗೇಟಿನ ಬಗ್ಗೆ ವಿವರವಾಗಿ ಬರೆದ ನೀವು ಬಿಟ್ಟುಬಂದ ಕೆಲಸದ ಬಗ್ಗೆ ಒಂದೇ ವಾಕ್ಯ ಬರೆದಿದ್ದೀರಿ. ವರ್ಗವಾಗಿ ಬಂದ ಕುಟುಂಬಗಳ ಹೆಣ್ಣುಮಕ್ಕಳು ನನ್ನ ಬಳಿ ಸಮಾಲೋಚನೆಗೆ ಬಂದಾಗ ಬಹಳ ಸಲ ಹೀಗೆಯೇ ಆಗುತ್ತದೆ: ನೆರೆಹೊರೆಯವರ ಮೇಲಿನ ದೂರಿನ ಹಿಂದೆ, ದಿನವೂ ಹತ್ತಾರು ಜನ ‘ಟೀಚರ್’ ಎಂದು ಕರೆಯುತ್ತಿದ್ದ ಬದುಕು ನಿಂತುಹೋದದ್ದರ ನೋವು ಇರುತ್ತದೆ. ಆ ನೋವಿಗೆ ಎದುರು ಮನೆಯವರು ಕಾರಣರಲ್ಲ, ಅದನ್ನು ಅವರು ತುಂಬಿಕೊಡಲೂ ಆಗದು.

ಈಗ ಊರುಗಳ ಹೆಸರಿನ ವಿಚಾರ. ಕರ್ನಾಟಕದಲ್ಲಿ ಹುಟ್ಟಿದವರಿಗೆಲ್ಲ ಈ ಪಟ್ಟಿ ಬಾಯಿಪಾಠ: ಧಾರವಾಡ, ವಿಜಯಪುರದ ಕಡೆಯವರದು ಒರಟು ಮಾತು, ಬಿಚ್ಚು ಮನಸ್ಸು, ಮೈಸೂರಿನವರದು ನಯವಾದ ಮಾತು, ಮನಸ್ಸು ಮಾತ್ರ ಗೊತ್ತಾಗದು, ಕರಾವಳಿಯವರು ಲೆಕ್ಕಾಚಾರದವರು, ಬಿಗುಮಾನದವರು. ಇಂಥ ಪಟ್ಟಿ ಇಲ್ಲದ ನಾಡೇ ಇಲ್ಲ. ಅಮೆರಿಕದ ಸಿಯಾಟಲ್‌ಗೆ ಕೆಲಸಕ್ಕೆ ಹೋದ ಕನ್ನಡಿಗರನ್ನು ಕೇಳಿದರೆ, ಅಲ್ಲಿಯ ಜನ ತುಂಬ ಸಭ್ಯರು, ಆದರೆ ಯಾರೂ ಮನೆಗೆ ಕರೆಯುವುದಿಲ್ಲ ಎನ್ನುತ್ತಾರೆ. ಅಲ್ಲಿ ಈ ದೂರಿಗೆ ‘ಸಿಯಾಟಲ್ ಫ್ರೀಜ್’ ಎಂಬ ಹೆಸರೇ ಬಿದ್ದಿದೆ. ಮಿನ್ನೆಸೋಟಾ, ಸ್ವೀಡನ್, ಡೆನ್ಮಾರ್ಕ್‌ಗಳ ಬಗ್ಗೆಯೂ ಇದೇ ದೂರು.

ಇಂಥ ಹೆಸರುಗಳು ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅವು ಅಳೆಯುವುದು ಒಂದನ್ನು, ನಾವು ಅವುಗಳಿಂದ ಊಹಿಸುವುದು ಇನ್ನೊಂದನ್ನು. ಅಪರಿಚಿತರೊಡನೆ ಮೊದಲ ಹತ್ತು ನಿಮಿಷ ಹೇಗೆ ನಡೆದುಕೊಳ್ಳುತ್ತಾರೆ ಎಂಬುದರ ಮೇಲೆ ಊರಿಗೆ ಸ್ನೇಹಪರ ಎಂಬ ಹೆಸರು ಬರುತ್ತದೆ. ಹೊರಗಿನಿಂದ ಬಂದವರು ಒಂದು ವರ್ಷದ ನಂತರ ಯಾರ ಮನೆಯ ಅಡುಗೆಮನೆಯವರೆಗೆ ಹೋಗಬಲ್ಲರು ಎಂಬುದು ಬೇರೆಯೇ ಸಂಗತಿ. ಇವೆರಡರ ನಡುವಿನ ದೂರವನ್ನು ತೋರಿಸಲು ನನಗೆ ಯಾವಾಗಲೂ ನೆನಪಾಗುವುದು ಮನಃಶಾಸ್ತ್ರಜ್ಞ ರಾಬರ್ಟ್ ಲೆವಿನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನ. ಜಗತ್ತಿನ 23 ನಗರಗಳಲ್ಲಿ ಅವರು ಮೂರು ಸಣ್ಣ ಪರೀಕ್ಷೆ ಮಾಡಿದರು: ರಸ್ತೆಯಲ್ಲಿ ಪೆನ್ನು ಬೀಳಿಸಿಕೊಂಡವರಿಗೆ ಎತ್ತಿಕೊಡುತ್ತಾರೆಯೇ, ಕಾಲು ನೋವಿನವರ ಕೈಯಿಂದ ಪತ್ರಿಕೆಗಳು ಜಾರಿದರೆ ಸಹಾಯಕ್ಕೆ ಬರುತ್ತಾರೆಯೇ, ಕುರುಡರನ್ನು ರಸ್ತೆ ದಾಟಿಸುತ್ತಾರೆಯೇ. ಬ್ರೆಜಿಲ್‌ನ ರಿಯೊ ಡಿ ಜನೈರೊ ಮೊದಲ ಸ್ಥಾನದಲ್ಲಿತ್ತು, ನಮ್ಮ ಕೋಲ್ಕತ್ತ ಮೇಲಿನ ಸಾಲಿನಲ್ಲಿತ್ತು, ನ್ಯೂಯಾರ್ಕ್ ಮತ್ತು ಕ್ವಾಲಾಲಂಪುರ ಕೊನೆಯಲ್ಲಿದ್ದವು. ಕೋಪನ್‌ಹೇಗನ್ ಮತ್ತು ಸ್ಟಾಕ್‌ಹೋಮ್ ಕೂಡ ಚೆನ್ನಾಗಿಯೇ ಪಾಸಾಗಿದ್ದವು. ಆದರೆ ಪರದೇಶಗಳಲ್ಲಿ ನೆಲೆಸಿದವರ ಸಮೀಕ್ಷೆಗಳಲ್ಲಿ, ಸ್ಥಳೀಯರ ಸ್ನೇಹ ಸಿಗುವುದೇ ಕಷ್ಟ ಎಂಬ ಕಾರಣಕ್ಕೆ ಮತ್ತೆ ಮತ್ತೆ ತಳದಲ್ಲಿ ಕಾಣುವ ದೇಶಗಳಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ ಇರುತ್ತವೆ. ಬಿದ್ದ ಪೆನ್ನನ್ನು ಎತ್ತಿಕೊಡುವವರೇ ಮನೆಗೆ ಕರೆಯದವರೂ ಆಗಿರಬಹುದು, ಅದರಲ್ಲಿ ಆಷಾಢಭೂತಿತನ ಏನೂ ಇಲ್ಲ.

ತಿರುವುಮುರುವಾದದ್ದೂ ಉಂಟು. ಮಂಗಳೂರಿನ ಕಡೆಯ ಬ್ಯಾಂಕ್ ನೌಕರರೊಬ್ಬರು ಉತ್ತರ ಕರ್ನಾಟಕದ ಒಂದು ಪಟ್ಟಣಕ್ಕೆ ವರ್ಗವಾಗಿ ಹೋದಾಗಿನ ಅನುಭವವನ್ನು ನನ್ನಲ್ಲಿ ಹೇಳಿಕೊಂಡಿದ್ದರು. ಮೊದಲ ವಾರವೇ ‘ಪಗಾರ ಎಷ್ಟ್ರಿ? ಮದಿವಿ ಯಾಕ ಆಗಿಲ್ಲ?’ ಎಂಬ ಪ್ರಶ್ನೆಗಳು ಬಂದವು, ಮೂರು ಮನೆಗಳಿಂದ ಊಟದ ಕರೆ ಬಂತು, ಅವರು ಒಳಗೊಳಗೇ ಗಾಬರಿಯಾದರು. ಆಮೇಲೆ ಅದಕ್ಕೆ ಒಗ್ಗಿಕೊಂಡು, ತನಗೆ ಊರ ತುಂಬ ಗೆಳೆಯರು ಎಂದುಕೊಂಡರು. ಮನೆಯಲ್ಲಿ ಒಂದು ಕಷ್ಟ ಬಂದು, ಮನಸ್ಸು ಬಿಚ್ಚಿ ಹೇಳಿಕೊಳ್ಳಬೇಕೆಂದಾಗ ಮಾತ್ರ ಯಾರ ಹತ್ತಿರ ಹೋಗಬೇಕೆಂದು ತಿಳಿಯಲಿಲ್ಲವಂತೆ. ಊಟಕ್ಕೆ ಕರೆದವರೆಲ್ಲ ಒಳ್ಳೆಯವರೇ. ಆದರೆ ಅದು ಅತಿಥಿ ಸತ್ಕಾರವಾಗಿತ್ತು, ಸ್ನೇಹ ಇನ್ನೂ ಆಗಿರಲಿಲ್ಲ. ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋದ ಮನಃಶಾಸ್ತ್ರಜ್ಞ ಕರ್ಟ್ ಲೆವಿನ್ 1936ರಲ್ಲೇ ಎರಡು ದೇಶಗಳ ಬಗ್ಗೆ ಇಂಥದೇ ಮಾತು ಬರೆದಿದ್ದರು: ಅಮೆರಿಕನ್ನರ ಹೊರಬಾಗಿಲುಗಳು ಸುಲಭವಾಗಿ ತೆರೆಯುತ್ತವೆ, ತೀರ ಒಳಗಿನ ಕೋಣೆ ಮಾತ್ರ ಮುಚ್ಚಿರುತ್ತದೆ, ಜರ್ಮನ್ನರಲ್ಲಿ ಹೊರಬಾಗಿಲೇ ಬಿಗಿ, ಅದನ್ನು ದಾಟಿದವರಿಗೆ ಮುಂದೆ ಅಷ್ಟು ತಡೆ ಇಲ್ಲ ಎಂಬುದು ಅದರ ಸಾರ. ನಿಮ್ಮ ಊರಿಗೂ ಮಂಗಳೂರಿಗೂ ಇದನ್ನು ಹಾಗೆಯೇ ಹೊಂದಿಸುವುದು ತಪ್ಪಾದರೂ, ಬಾಗಿಲು ಎಲ್ಲಿ ಬಿಗಿ ಇದೆ ಎಂಬುದು ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ ಎಂಬಷ್ಟು ಮಾತ್ರ ನಿಜ.

ಮಂಗಳೂರಿನಲ್ಲಿ ಹೊರಬಾಗಿಲು ಏಕೆ ಬಿಗಿ? ಇದಕ್ಕೆ ಜನರ ಸ್ವಭಾವಕ್ಕಿಂತ ನೆಲದ ಸ್ವರೂಪದಲ್ಲಿ ಹೆಚ್ಚು ಉತ್ತರ ಸಿಗುತ್ತದೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ ನಿಮ್ಮ ಕಡೆ ಊರು ಎಂದರೆ ನೀರಿನ ಸುತ್ತ, ರಕ್ಷಣೆಗಾಗಿ, ಗೋಡೆಗೆ ಗೋಡೆ ಆನಿಸಿ ಕಟ್ಟಿದ ಮನೆಗಳ ಗುಂಪು. ಅಗಸಿ, ಕಟ್ಟೆ, ಗುಡಿಯ ಪೌಳಿ, ಓಣಿ ಎಲ್ಲವೂ ಹೋಗುತ್ತಾ ಬರುತ್ತಾ ಕೂತು ಮಾತಾಡುವ ಜಾಗಗಳು. 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕರಾವಳಿಯಲ್ಲಿ ಗದ್ದೆ ಅಥವಾ ಅಡಿಕೆ ತೋಟದ ನಡುವೆ ಒಂಟಿ ಮನೆ, ಅದಕ್ಕೊಂದು ಬಾವಿ, ಮುಂದಿನ ಮನೆ ಗುಡ್ಡದಾಚೆ. ಕಂದಾಯ ದಾಖಲೆಯಲ್ಲಿ ಅದು ಗ್ರಾಮ. ಆದರೆ ನೀವು ಗ್ರಾಮ ಎಂದು ಕರೆಯುವ ಮನೆಗಳ ಗುಂಪು ಅಲ್ಲಿ ಕಾಣುವುದಿಲ್ಲ. ಅಂಥ ಕಡೆ ಯಾರ ಮನೆಗೇ ಆಗಲಿ ಸುಮ್ಮನೆ ಹೋಗುವ ಅಭ್ಯಾಸ ಕಡಿಮೆ, ಕೆಲಸವಿದ್ದರೆ ಹೋಗುತ್ತಾರೆ. ಹೋದವರಿಗೆ ಬೆಲ್ಲ ನೀರು ಕೊಟ್ಟು ಕೂರಿಸುತ್ತಾರೆ. ಜನ ಸೇರುವುದೇನಿದ್ದರೂ ಯಾವುದೋ ಒಂದು ಕಾರ್ಯದ ಸುತ್ತ: ದೈವದ ಕೋಲ, ದೇವಸ್ಥಾನದ ಜಾತ್ರೆ, ಯಕ್ಷಗಾನ, ಭಜನಾ ಮಂಡಳಿ, ಯುವಕ ಮಂಡಲ, ಹಾಲಿನ ಸೊಸೈಟಿ, ಚರ್ಚಿನ ಸಂಘ. ಇಲ್ಲಿಯ ಸಾಮಾಜಿಕ ಬದುಕು ಬಡವಾದುದಲ್ಲ. ನನ್ನ ತಿಳಿವಿನಲ್ಲಿ ಇಷ್ಟೊಂದು ಸಂಘ, ಮಂಡಳಿಗಳು ಇರುವ ಪ್ರದೇಶ ಕರ್ನಾಟಕದಲ್ಲಿ ವಿರಳ. ಆದರೆ ಅದು ಓಣಿಯಲ್ಲಿ ನಡೆಯುವುದಿಲ್ಲ, ಹಾಗಾಗಿ ಬಾಗಿಲು ತೆರೆದಿಟ್ಟು ಕಾಯುವವರಿಗೆ ಕಾಣುವುದೂ ಇಲ್ಲ. ಅಪಾರ್ಟ್‌ಮೆಂಟಿಗೆ ಬಂದ ಮೇಲೂ ಎರಡೂ ಕಡೆಯವರು ಹಳೆಯ ಅಭ್ಯಾಸವನ್ನು ಜೊತೆಗೇ ತಂದಿದ್ದಾರೆ.

ನೀವು ಬಂದ ತಿಂಗಳೂ ನಿಮಗೆ ಅನುಕೂಲವಾಗಿರಲಿಲ್ಲ. ತುಳುನಾಡಿನಲ್ಲಿ ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯೊಂದಿಗೆ ಕೋಲಗಳು, ಯಕ್ಷಗಾನ ಮೇಳಗಳ ತಿರುಗಾಟ, ಜಾತ್ರೆಗಳು ಆ ವರ್ಷಕ್ಕೆ ಮುಗಿಯುತ್ತವೆ. ಮತ್ತೆ ಶುರುವಾಗುವುದು ಮಳೆಗಾಲ ಕಳೆದು, ದೀಪಾವಳಿಯ ಹೊತ್ತಿಗೆ. ನಡುವೆ ಅಷ್ಟಮಿ, ಚೌತಿ, ದಸರಾ ಇದ್ದರೂ ಉಳಿದ ದಿನಗಳಲ್ಲಿ ಮಳೆ ಮನೆಯೊಳಗೇ ಕೂರಿಸುತ್ತದೆ. ಸರ್ಕಾರಿ ವರ್ಗಾವಣೆಗಳು, ಶಾಲೆಯ ಪ್ರವೇಶಗಳು ಇರುವುದು ಮಾತ್ರ ಸರಿಯಾಗಿ ಮೇ, ಜೂನ್‌ನಲ್ಲಿ. ಬಯಲುಸೀಮೆಯಿಂದ ಬಂದ ಕುಟುಂಬಗಳು ಈ ಊರನ್ನು ಮೊದಲು ನೋಡುವುದೇ ಬಾಗಿಲು ಹಾಕಿಕೊಂಡ ಕಾಲದಲ್ಲಿ, ಮೊದಲ ಅಭಿಪ್ರಾಯ ಮೂಡುವುದೂ ಆಗಲೇ.

ತುಳುವಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ನಿಮಗೆ ಹೆಚ್ಚು ನೋವಾಗಿರುವುದು ಅಲ್ಲಿಯೇ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಸುಮಾರು ಅರ್ಧದಷ್ಟು ಜನರ ಮನೆಮಾತು ತುಳು. ಉಳಿದವರಲ್ಲಿ ಬ್ಯಾರಿ, ಮಲಯಾಳಂ, ಕೊಂಕಣಿ ಆಡುವವರು ಬಹಳ. ಕನ್ನಡವೇ ಮನೆಮಾತಾಗಿರುವವರು ಇಲ್ಲಿ ಅಲ್ಪಸಂಖ್ಯಾತರು. ಇವರೆಲ್ಲರೂ ಕನ್ನಡ ಬಲ್ಲರು, ಆದರೆ ಅನೇಕರಿಗೆ ಅದು ಶಾಲೆಯಲ್ಲಿ ಕಲಿತ, ಕಚೇರಿಯಲ್ಲಿ, ಸಭೆಯಲ್ಲಿ ಬಳಸುವ ಭಾಷೆ. ನೀವು ಅವ್ವನ ಜೊತೆ ಆಡುವ ಮಾತಿನಲ್ಲೇ ಅವರನ್ನು ಮಾತಾಡಿಸುತ್ತೀರಿ. ಅವರು ಮೇಷ್ಟರ ಜೊತೆ ಆಡುತ್ತಿದ್ದ ಮಾತಿನಲ್ಲಿ ಉತ್ತರಿಸುತ್ತಾರೆ. ‘ಹೌದಾ’, ‘ಒಳ್ಳೆಯದಾಯಿತು’ ಎಂಬ ಆ ತೂಕದ ಉತ್ತರಗಳು ನಿಮಗೆ ದೂರ ಇಟ್ಟಂತೆ ಕೇಳುತ್ತವೆ. ಅದೇ ಹೆಂಗಸು ತುಳುವಿಗೆ ತಿರುಗಿದ ಕೂಡಲೇ ನಗುತ್ತಾಳೆ, ಕೈ ಬೀಸುತ್ತಾಳೆ, ಅತ್ತೆಯ ಮಾತನ್ನು ಅಣಕಿಸುತ್ತಾಳೆ. ಆಗ ನಿಮಗೆ, ಈ ಸಲುಗೆ ನನ್ನೊಡನೆ ಏಕಿಲ್ಲ ಎನಿಸುವುದು ಸಹಜ. ಚಿಕ್ಕಂದಿನಿಂದ ತುಳುವಿನಲ್ಲೇ ಒಬ್ಬರನ್ನೊಬ್ಬರು ಬಲ್ಲ ಮೂವರಿಗೆ, ನಾಲ್ಕನೆಯವರಿಗಾಗಿ ಪೂರ್ತಿ ಹೊತ್ತು ಕನ್ನಡದಲ್ಲಿ ಮಾತಾಡುವುದು ಆಯಾಸದ ಕೆಲಸ. ನಿಮ್ಮನ್ನು ಹೊರಗಿಡಬೇಕೆಂಬ ಉದ್ದೇಶ ಅವರಿಗೆ ಸಾಮಾನ್ಯವಾಗಿ ಇರುವುದಿಲ್ಲ. ಪರಿಣಾಮ ಮಾತ್ರ ಹೊರಗಿಟ್ಟಂತೆಯೇ ಆಗುತ್ತದೆ, ಅದನ್ನು ಅವರು ಗಮನಿಸುವುದೂ ಇಲ್ಲ. ಈ ಅಲಕ್ಷ್ಯವನ್ನು ನಾನು ಸಮರ್ಥಿಸುತ್ತಿಲ್ಲ.

ಹಾಗಾದರೆ ಅಸಡ್ಡೆ ಎಂಬುದು ಇಲ್ಲವೇ ಇಲ್ಲವೇ? ಇದೆ. ಮಂಗಳೂರಿನ ಕಟ್ಟಡದ ಕೆಲಸಗಳಲ್ಲಿ ಬಾಗಲಕೋಟೆ, ಕೊಪ್ಪಳ, ಗದಗ, ವಿಜಯಪುರದ ಕಡೆಯಿಂದ ಬಂದ ಕೂಲಿ ಕುಟುಂಬಗಳು ದಶಕಗಳಿಂದ ದುಡಿಯುತ್ತಿವೆ, ‘ಘಟ್ಟದವರು’ ಎಂಬ ಮಾತನ್ನು ಕೆಲವರು ಅವರನ್ನು ಕೀಳಾಗಿ ಕಾಣುತ್ತಲೇ ಆಡುತ್ತಾರೆ. ನಿಮ್ಮ ಉಚ್ಚಾರಣೆ ಕೇಳಿದೊಡನೆ ಯಾರಾದರೂ ತುಸು ಗತ್ತಿನಿಂದ ವರ್ತಿಸಿದ್ದರೆ ಅದು ನಿಮ್ಮ ಕಲ್ಪನೆಯಾಗಿರಬೇಕಿಲ್ಲ. ಜಾತಿ, ಧರ್ಮ, ಊಟದ ಪದ್ಧತಿ ಕೇಳಿ ಬಾಡಿಗೆ ಮನೆ ನಿರಾಕರಿಸುವುದೂ ರಾಜ್ಯದ ಇತರ ನಗರಗಳಲ್ಲಿರುವಂತೆ ಇಲ್ಲಿಯೂ ನಡೆಯುತ್ತದೆ. ಅದು ತಾರತಮ್ಯ, ಜನ ಸ್ನೇಹಪರರೋ ಅಲ್ಲವೋ ಎಂಬ ಪ್ರಶ್ನೆಯೊಳಗೆ ಅದನ್ನು ಸೇರಿಸಿ ತೆಳುವಾಗಿಸಬಾರದು. ಸ್ನೇಹಪರ ಎಂದು ಹೆಸರಾದ ನಿಮ್ಮ ಕಡೆಯ ಊರುಗಳಲ್ಲಿಯೂ, ಓಣಿಯ ಆ ಬಿಚ್ಚು ಮನಸ್ಸು ಎಲ್ಲ ಜಾತಿಯ ಓಣಿಗಳಿಗೂ ಸಮನಾಗಿ ತೆರೆದುಕೊಳ್ಳುತ್ತಿತ್ತೇ ಎಂದು ಕೇಳಿಕೊಂಡರೆ ಉತ್ತರ ನಿಮಗೇ ಗೊತ್ತು. ಆದರೆ ನೀವು ಬರೆದಿರುವ ಘಟನೆಗಳಲ್ಲಿ, ಡಬ್ಬಿಯಲ್ಲಾಗಲಿ ಲಿಫ್ಟಿನಲ್ಲಾಗಲಿ, ನನಗೆ ಅಸಡ್ಡೆ ಕಾಣುತ್ತಿಲ್ಲ. ಡಬ್ಬಿ ಖಾಲಿ ಕಳುಹಿಸಬಾರದು ಎಂಬ ನಿಯಮ ನಿಮ್ಮ ಮನೆಯಲ್ಲಿ ಗಟ್ಟಿಯಾಗಿರಬಹುದು. ಆಕೆ ಡಬ್ಬಿಯನ್ನು ಮರುದಿನವೇ ತೊಳೆದು, ತಾನೇ ಬಂದು, ಚೆನ್ನಾಗಿತ್ತು ಎಂದು ಹೇಳಿ ಕೊಟ್ಟರು. ಅವರ ಲೆಕ್ಕದಲ್ಲಿ ಅದೇ ಮರ್ಯಾದೆ.

ಒತ್ತಾಯದ ವಿಷಯದಲ್ಲಿಯೂ ಹೀಗೆಯೇ ಅಪಾರ್ಥವಾಗುತ್ತದೆ. ನಿಮ್ಮ ಕಡೆ ‘ಬರ್ರಿ, ಚಾ ಕುಡದ ಹೋಗ್ರಿ’ ಎಂದರೆ ಮೊದಲು ಬೇಡ ಎನ್ನುವುದು, ಎರಡನೆಯ ಸಲವೂ ಬೇಡ ಎನ್ನುವುದು, ಮೂರನೆಯ ಸಲ ಕೈ ಹಿಡಿದು ಕೂರಿಸುವುದು ವಾಡಿಕೆ. ಇಲ್ಲಿ ಒಮ್ಮೆ ಕರೆಯುತ್ತಾರೆ. ನೀವು ಬೇಡ ಎಂದರೆ ನಿಜಕ್ಕೂ ಬೇಡ ಎಂದೇ ತಿಳಿದು ಸುಮ್ಮನಾಗುತ್ತಾರೆ, ಮತ್ತೆ ಕೇಳುವುದು ನಿಮ್ಮನ್ನು ಮುಜುಗರಕ್ಕೆ ಈಡುಮಾಡಿದಂತೆ ಎಂದುಕೊಳ್ಳುತ್ತಾರೆ. ಗೃಹಪ್ರವೇಶದ್ದೋ ದೇವಸ್ಥಾನದ ಬ್ರಹ್ಮಕಲಶೋತ್ಸವದ್ದೋ ಆಮಂತ್ರಣ ಪತ್ರಿಕೆಯನ್ನು ಬಾಗಿಲಿಗೆ ತಂದುಕೊಟ್ಟು ‘ಖಂಡಿತ ಬನ್ನಿ, ಆಯ್ತಾ’ ಎಂದು ಒಮ್ಮೆ ಹೇಳಿ ಹೋದವರು ಬಾಯುಪಚಾರಕ್ಕೆ ಹೇಳಿರುವುದಿಲ್ಲ. ಕಳೆದ ವರ್ಷ ಅಂಥ ಪತ್ರಿಕೆ ಎಷ್ಟು ಬಂದವು, ಎಷ್ಟಕ್ಕೆ ನೀವು ಹೋದಿರಿ ಎಂಬುದು ಪತ್ರದಲ್ಲಿಲ್ಲ. ಸಂಕೋಚದಿಂದ ಹೋಗದೆ ಉಳಿದವರೇ ನನ್ನ ಅನುಭವದಲ್ಲಿ ಹೆಚ್ಚು.

‘ನನ್ನ ಮಾತು ಒರಟೇ?’ ಎಂದು ಕೇಳಿದ್ದೀರಿ. ಇಲ್ಲ. ಗಟ್ಟಿ ದನಿ, ವೇಗದ ಮಾತು ಕೆಲವರಿಗೆ ಮೊದಲ ಸಲ ಜಗಳದಂತೆ ಕೇಳಿಸಬಹುದು, ನಾಲ್ಕನೆಯ ಸಲಕ್ಕೆ ಅದು ನಿಮ್ಮ ಗುರುತಾಗುತ್ತದೆ. ಮಾತು ಮುಗಿಸಿ ಹೊರಟ ಮೇಲೆ ‘ಅವರಿಗೆ ನಾನು ಹಿಡಿಸಲಿಲ್ಲ’ ಎಂದು ಎಣಿಸುವುದು ಬಹುಪಾಲು ಮನುಷ್ಯರ ಸ್ವಭಾವ. ಎರಿಕಾ ಬೂತ್‌ಬಿ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೊಸಬರೊಡನೆ ಮಾತಾಡಿದ ಜನ ತಮ್ಮನ್ನು ಎದುರಿನವರು ಎಷ್ಟು ಮೆಚ್ಚಿದರೆಂದು ಊಹಿಸಿದರೋ, ನಿಜವಾದ ಮೆಚ್ಚುಗೆ ಅದಕ್ಕಿಂತ ಹೆಚ್ಚೇ ಇತ್ತು. ಆದ್ದರಿಂದ ನಿಮ್ಮ ಸಂಜೆಯ ಲೆಕ್ಕಾಚಾರವನ್ನು ಪೂರ್ತಿ ನಂಬಬೇಡಿ.

ಇನ್ನು ಯಾವ ಊರಿಗೆ ಹೋದರೂ ತಪ್ಪದ ಒಂದು ಕಾರಣವಿದೆ, ಅದು ಸಮಯ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್, ಹೊಸ ಊರಿಗೆ ಬಂದ ವಯಸ್ಕರನ್ನೂ ಹೊಸದಾಗಿ ಕಾಲೇಜು ಸೇರಿದವರನ್ನೂ ಅಧ್ಯಯನ ಮಾಡಿ 2018ರಲ್ಲಿ ಕೊಟ್ಟ ಅಂದಾಜಿನಂತೆ, ಬರಿಯ ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ಗೆಳೆಯರು ಎನ್ನಿಸಿಕೊಳ್ಳಲು ಸುಮಾರು 90 ಗಂಟೆ, ಆಪ್ತರಾಗಲು 200ಕ್ಕೂ ಹೆಚ್ಚು ಗಂಟೆ ಜೊತೆಗಿರಬೇಕು. ಈ ಸಂಖ್ಯೆಗಳನ್ನು ನಮ್ಮಲ್ಲಿಗೆ ಚಾಚೂ ತಪ್ಪದೆ ಅನ್ವಯಿಸಬೇಕಿಲ್ಲ, ಆದರೆ ನೀವು ಗಣಿತದವರು, ಲೆಕ್ಕ ಹಾಕಿ ನೋಡಿ: ಲಿಫ್ಟಿನಲ್ಲಿ ದಿನಕ್ಕೆ 5 ನಿಮಿಷದ ಮಾತಿನಿಂದ 50 ಗಂಟೆ ತಲುಪಲು 600 ದಿನ ಬೇಕು. ನಿಮ್ಮ ಓಣಿಯಲ್ಲಿ ಆ ಗಂಟೆಗಳು ಹುಟ್ಟಿದಂದಿನಿಂದ ತಾವಾಗಿಯೇ ಸೇರುತ್ತಿದ್ದವು, ಅದಕ್ಕೇ ಅಲ್ಲಿ ಸ್ನೇಹ ಸುಲಭವೆನಿಸಿತು. ಎದುರು ಮನೆಯಾಕೆಗೂ ಅಂಥ ಗಂಟೆಗಳು ಸೇರಿವೆ, ಬೇರೆಯವರೊಡನೆ. ಆಕೆಯ ಭಾನುವಾರಗಳು ತವರಿನ ದೈವಗಳ ತಂಬಿಲ ಸೇವೆಗೆ, ನಾದಿನಿಯ ಸೀಮಂತಕ್ಕೆ, ಮುಂಬಯಿಯಿಂದಲೋ ಗಲ್ಫಿನಿಂದಲೋ ರಜೆಗೆ ಬಂದ ಅಣ್ಣನಿಗೆ ಹೋಗಿಬಿಡುತ್ತವೆ. ನಿಮ್ಮನ್ನು ಬೇಡವೆನ್ನುವವರಿಗಿಂತ, ಪುರುಸೊತ್ತೇ ಇಲ್ಲದವರ ಸಂಖ್ಯೆ ಇಲ್ಲಿ ದೊಡ್ಡದು.

ಆದ್ದರಿಂದ ಪುರುಸೊತ್ತು ಇರುವವರನ್ನು ಹುಡುಕಬೇಕು. 1950ರಲ್ಲಿ ಪ್ರಕಟವಾದ ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರ ವಿದ್ಯಾರ್ಥಿ ವಸತಿಗಳ ಅಧ್ಯಯನದಲ್ಲಿ ಪಕ್ಕದ ಮನೆಯವರು, ಮೆಟ್ಟಿಲ ಬುಡದ ಮನೆಯವರು ಹೆಚ್ಚು ಗೆಳೆಯರಾದರು ಎಂಬುದನ್ನು ಎಲ್ಲರೂ ಉಲ್ಲೇಖಿಸುತ್ತಾರೆ; ಅವರಲ್ಲಿ ಬಹುತೇಕರಿಗೆ ಆ ಜಾಗದಲ್ಲಿ ಹಳೆಯ ಬಳಗ ಇರಲಿಲ್ಲ ಎಂಬುದನ್ನು ಮರೆಯುತ್ತಾರೆ. ನಿಮ್ಮ ಕಟ್ಟಡದಲ್ಲಿಯೂ ಎದುರು ಮನೆಗಿಂತ, ಮಕ್ಕಳು ಹೊರದೇಶದಲ್ಲಿರುವ ನಿವೃತ್ತರು, ವರ್ಷಗಟ್ಟಲೆ ಹೊರಗಿದ್ದು ಮರಳಿ ಬಂದವರು, ನಿಮ್ಮಂತೆಯೇ ವರ್ಗವಾಗಿ ಬಂದವರು ಬೇಗ ಹತ್ತಿರವಾಗುತ್ತಾರೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ಣಾಟಕ, ವಿಜಯಾ ಬ್ಯಾಂಕುಗಳೆಲ್ಲ ಹುಟ್ಟಿದ್ದು ಈ ಕರಾವಳಿಯಲ್ಲಿ. ಅವುಗಳ ನೌಕರರಾಗಿ ಗದಗ, ಬಾದಾಮಿ, ಜಮಖಂಡಿಗಳಲ್ಲಿ ಸಂಸಾರ ಮಾಡಿ ಬಂದ ಹಿರಿಯರು ಮಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಅಪರೂಪವಲ್ಲ. ಒಮ್ಮೆ ವಿಚಾರಿಸಿ. ಜೋಳದ ರೊಟ್ಟಿ ಬಡಿಯುವ ಸದ್ದನ್ನು ನಿಮಗಿಂತ ಹೆಚ್ಚು ಆಸೆಯಿಂದ ಕೇಳುವವರು ಆ ಕಟ್ಟಡದಲ್ಲೇ ಇರಬಹುದು.

ನಿಮ್ಮ ಮುಂದಿರುವ ದಾರಿಗಳಲ್ಲಿ ನಾನು ಮೊದಲು ಹೇಳುವುದು ಕೆಲಸ. ಗಣಿತದ ಶಿಕ್ಷಕಿಗೆ ಈ ಊರಿನಲ್ಲಿ ಅವಕಾಶ ಸಿಗದೆ ಹೋಗದು. ಶಾಲೆಯ ಸ್ಟಾಫ್‌ರೂಮು ದಿನಕ್ಕೆ ಹಲವು ಗಂಟೆ ಒಂದೇ ಜನರ ನಡುವೆ ನಿಮ್ಮನ್ನು ಕೂರಿಸುತ್ತದೆ, ಯಾರನ್ನೂ ಬೇಡಿಕೊಳ್ಳದೆ ಗಂಟೆಗಳು ಸೇರುತ್ತವೆ. ಶೈಕ್ಷಣಿಕ ವರ್ಷದ ನಡುವೆ ಕೆಲಸ ಸಿಗದಿದ್ದರೆ ಮನೆಯಲ್ಲೇ ನಾಲ್ಕು ಮಕ್ಕಳಿಗೆ ಪಾಠ ಹೇಳಿ. ಆಗ ತಾಯಂದಿರು ನಿಮ್ಮ ಬಾಗಿಲಿಗೆ ಬರುತ್ತಾರೆ. ಅಪಾಯವೆಂದರೆ ಆ ಸಂಬಂಧ ಫೀಸು, ಅಂಕಗಳ ಮಾತಿನಲ್ಲೇ ನಿಂತುಬಿಡಬಹುದು, ಮಗುವಿಗೆ ಅಂಕ ಕಡಿಮೆ ಬಂದರೆ ಕಹಿಯೂ ಆಗಬಹುದು. ಅದಕ್ಕಾಗಿ ಎದುರು ಮನೆಯ ಮಗುವನ್ನು ಮೊದಲ ವಿದ್ಯಾರ್ಥಿ ಮಾಡಿಕೊಳ್ಳಬೇಡಿ.

ಎರಡನೆಯದು, ವಾರವಾರವೂ ಅದೇ ಜನ ಅದೇ ಜಾಗದಲ್ಲಿ ಸೇರುವ ಯಾವುದಾದರೂ ಒಂದು ಗುಂಪಿನ ಸದಸ್ಯರಾಗುವುದು. ಮಗಳನ್ನು ಯಕ್ಷಗಾನದ ತರಗತಿಗೆ ಸೇರಿಸಿದರೆ, ಮಕ್ಕಳು ಹೆಜ್ಜೆ ಕಲಿಯುವ ಹೊತ್ತಿನಲ್ಲಿ ಹೊರಗೆ ಕಾಯುವ ತಾಯಂದಿರ ಗುಂಪೊಂದು ತಾನಾಗಿ ಸಿಗುತ್ತದೆ. ಅಲ್ಲಿ ಪ್ರಸಂಗಗಳ ಭಾಷೆ ಹೆಚ್ಚಾಗಿ ಕನ್ನಡವೇ ಆಗಿರುವುದು ನಿಮಗೊಂದು ಅನುಕೂಲ. ಭಜನಾ ಮಂಡಳಿ, ಅಪಾರ್ಟ್‌ಮೆಂಟಿನ ಗಣೇಶ ಸಮಿತಿ, ಗ್ರಂಥಾಲಯ, ಬೆಳಗಿನ ಯೋಗ, ಯಾವುದೂ ಆದೀತು. ಕೆಲವು ಮಂಡಳಿಗಳು ಒಂದೇ ಸಮುದಾಯದವಾಗಿದ್ದು ನಿಮಗೆ ತೆರೆಯದಿರಬಹುದು, ಅದನ್ನು ವೈಯಕ್ತಿಕವಾಗಿ ತೆಗೆದುಕೊಳ್ಳಬೇಡಿ, ಮುಂದಿನದಕ್ಕೆ ಹೋಗಿ. ಮೊದಲ ಎರಡು ಮೂರು ತಿಂಗಳು ಕುರ್ಚಿ ಜೋಡಿಸುವ, ತರಕಾರಿ ಹೆಚ್ಚುವ ಕೆಲಸದಲ್ಲೇ ಕಳೆಯಬಹುದು. ಈ ಊರಿನಲ್ಲಿ ಒಟ್ಟಿಗೆ ಕೆಲಸ ಮಾಡುವುದೇ ಪರಿಚಯದ ಮೊದಲ ಹಂತ. ಹಾಗೆಂದು ಮೆಚ್ಚುಗೆ ಗಳಿಸಲು ಖಜಾಂಚಿ ಹುದ್ದೆಯನ್ನು ಮೈಮೇಲೆ ಎಳೆದುಕೊಳ್ಳಬೇಡಿ. ಹೊಸಬರಿಗೆ ಆ ಕೆಲಸ ಬಹಳ ಬೇಗ ಸಿಗುತ್ತದೆ, ಯಾರಿಗೂ ಅದು ಬೇಡವಾಗಿರುವುದೇ ಕಾರಣ.

ಇದರ ಜೊತೆಗೆ ತುಳು ಕಲಿಯಿರಿ. ನಿರರ್ಗಳವಾಗಿ ಮಾತಾಡುವುದು ದೂರದ ಮಾತು, ಅದರ ಅಗತ್ಯವೂ ಇಲ್ಲ. ಕೇಳಿ ಅರ್ಥವಾಗುವಷ್ಟು ಬಂದರೆ ಸಾಕು, ಏಕೆಂದರೆ ನಿಮಗೆ ಅರ್ಥವಾಗುತ್ತದೆ ಎಂದು ತಿಳಿದ ಮೇಲೆ ಅವರು ತುಳುವಿನಲ್ಲಿಯೇ ನಿಮ್ಮನ್ನೂ ಸೇರಿಸಿಕೊಂಡು ಮಾತಾಡುತ್ತಾರೆ, ನೀವು ಕನ್ನಡದಲ್ಲಿ ಉತ್ತರಿಸುತ್ತೀರಿ. ಮಂಗಳೂರಿನಲ್ಲಿ ದಿನನಿತ್ಯ ನಡೆಯುವ ಸಂಭಾಷಣೆ ಹೀಗೆಯೇ. ‘ಎಂಕ್ ತುಳು ಒಂತೆ ಒಂತೆ ಬರ್ಪುಂಡು’ (ನನಗೆ ತುಳು ಸ್ವಲ್ಪ ಸ್ವಲ್ಪ ಬರುತ್ತದೆ) ಎಂದು ತಪ್ಪುತಪ್ಪಾಗಿ ಹೇಳಿದರೂ ನಗುತ್ತಾರೆ, ತಿದ್ದುತ್ತಾರೆ. ತಿದ್ದುವುದರಲ್ಲೇ ಐದು ನಿಮಿಷದ ಮಾತು ಹದಿನೈದಾಗುತ್ತದೆ. ಮಗಳು ಈಗಾಗಲೇ ನಿಮಗಿಂತ ಮುಂದಿರಬಹುದು, ಅವಳಿಂದಲೇ ಕಲಿಯಿರಿ. ಕರೆಯುವಾಗ ‘ಯಾವಾಗಾದರೂ ಬರ್ರಿ’ ಎನ್ನದೆ, ‘ಶನಿವಾರ ನಾಲ್ಕಕ್ಕೆ ಚಹಾಕ್ಕೆ ಬನ್ನಿ’ ಎಂದು ದಿನ, ಹೊತ್ತು ಹೇಳಿ. ಅವರು ಬರಲಾಗದೆಂದರೆ ಇನ್ನೊಂದು ದಿನ ಹೇಳಿ. ಎರಡು ಸಲವೂ ಆಗದಿದ್ದರೆ ಆ ಮನೆಯನ್ನು ಸದ್ಯಕ್ಕೆ ಬಿಡಿ.

ನಿಮ್ಮ ಕಡೆಯವರ ಗುಂಪನ್ನು ಹುಡುಕಿಕೊಳ್ಳುವುದು ಇನ್ನೊಂದು ದಾರಿ. ಅದರಲ್ಲಿ ತಪ್ಪಿಲ್ಲ, ಸ್ವಂತ ಮಾತಿನಲ್ಲಿ ನಕ್ಕು ಹಗುರಾಗುವುದು ಔಷಧವೇ. ಕರಾವಳಿಯವರೇ ಮುಂಬಯಿಗೆ ಹೋದಾಗ ಇದನ್ನೇ ಮಾಡಿದರು. 1902ರಲ್ಲಿಯೇ ಅಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿತ್ತು. ಆದರೆ ಅಂಥ ಗುಂಪು ಪ್ರತಿ ವಾರ ‘ಈ ಊರ ಮಂದಿ ಹಿಂಗ’ ಎಂಬ ದೂರಿನ ಸಭೆಯಾಗಿ ಬದಲಾದರೆ ನಿಮ್ಮ ಗಾಯ ಮಾಯುವುದಿಲ್ಲ. ಅವ್ವ, ಅಕ್ಕನ ಫೋನಿನ ಬಗ್ಗೆಯೂ ಇದೇ ಎಚ್ಚರಿಕೆ: ಮಾತಾಡಿ, ಆದರೆ ಸಂಜೆ ಆರರಿಂದ ಎಂಟು, ಅಂದರೆ ಮಕ್ಕಳು ಕೆಳಗೆ ಆಡುವ, ಅವರ ತಾಯಂದಿರು ಇಳಿದು ಬರುವ ಹೊತ್ತನ್ನು ಫೋನಿಗೆ ಕೊಡಬೇಡಿ.

ಸಂಜೆಯ ಅಳುವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕೆಲವು ದಿನ ಅಳು ಬಂದು ಹೋಗುವುದು ಸ್ಥಳಾಂತರದ ದುಃಖ. ಆದರೆ ಎರಡು ವಾರಕ್ಕಿಂತ ಹೆಚ್ಚು ಕಾಲ ದಿನವೂ ಮನಸ್ಸು ಕುಗ್ಗಿರುವುದು, ನಿದ್ದೆ, ಹಸಿವು ಕೆಡುವುದು, ಇಷ್ಟದ ಕೆಲಸದಲ್ಲೂ ಆಸಕ್ತಿ ಹೋಗುವುದು, ಬದುಕೇ ಬೇಡವೆನಿಸುವುದು ಇದ್ದರೆ ಸ್ನೇಹಿತರು ಸಿಕ್ಕ ಮೇಲೆ ಸರಿಹೋದೀತು ಎಂದು ಕಾಯಬೇಡಿ, ವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ, ಹಣವಿಲ್ಲದೆ ಮಾತಾಡಬಹುದು. ನಿಮ್ಮ ಯಜಮಾನರಿಗೂ ಒಂದು ಮಾತು: ಅವರು ಊರು ಬಿಟ್ಟರೂ ಕಚೇರಿ ಅವರನ್ನು ಬಿಡಲಿಲ್ಲ, ಸಹೋದ್ಯೋಗಿಗಳು ಮೊದಲ ದಿನವೇ ಸಿದ್ಧವಾಗಿ ಸಿಕ್ಕರು. ನಿಮಗೆ ಅದು ಸಿಗಲಿಲ್ಲ. ಮನಸ್ಸಿಗೆ ಹಚ್ಚಿಕೊಳ್ಳುವುದು ಹೆಚ್ಚಾಯಿತು ಎನ್ನುವುದಕ್ಕಿಂತ, ವಾರದಲ್ಲಿ ಎರಡು ಸಂಜೆ ಬೇಗ ಬಂದು ಮಗಳನ್ನು ನೋಡಿಕೊಂಡು ನಿಮ್ಮನ್ನು ಹೊರಗೆ ಕಳುಹಿಸಿದರೆ ಹೆಚ್ಚು ಉಪಯೋಗ.

ಕೊನೆಗೆ ಹುಬ್ಬಳ್ಳಿ. ಅಲ್ಲಿ ಭಾಷೆ ನಿಮ್ಮದು, ಊಟ ನಿಮ್ಮದು, ತವರು ಹತ್ತಿರ. ಇವು ಸಣ್ಣ ಲಾಭಗಳಲ್ಲ, ಮನೆಯ ಹಿರಿಯರನ್ನು ನೋಡಿಕೊಳ್ಳಬೇಕಾದ ಅಗತ್ಯವಿದ್ದರೆ ಬೇರೆ ಕಾರಣವೇ ಬೇಕಿಲ್ಲ. ಆದರೆ ಹುಬ್ಬಳ್ಳಿಯ ಅಪಾರ್ಟ್‌ಮೆಂಟು ನಿಮ್ಮ ಓಣಿಯಲ್ಲ. ಅಲ್ಲಿಯೂ 36ರ ಹೊಸ್ತಿಲಲ್ಲಿರುವ ಹೆಂಗಸರಿಗೆ ಅವರವರ ಬಳಗ ಇದೆ. ಮಾತು ಮೊದಲ ದಿನವೇ ಹತ್ತುತ್ತದೆ, ಗಂಟೆಗಳು ಮಾತ್ರ ಸೊನ್ನೆಯಿಂದಲೇ ಶುರುವಾಗುತ್ತವೆ. ಮಗಳಿಗೆ ಮತ್ತೊಮ್ಮೆ ಶಾಲೆ ಬದಲಾಗುತ್ತದೆ, ಅವಳಿಗೆ ಇಲ್ಲಿ ಗೆಳತಿಯರು ಆಗಿದ್ದಾರೆಯೇ ಎಂಬುದನ್ನು ಅವಳನ್ನೇ ಕೇಳಿ. ಮಳೆಗಾಲದಲ್ಲಿ ಈ ನಿರ್ಧಾರ ಮಾಡಬೇಡಿ. ದೀಪಾವಳಿಯಿಂದ ಪತ್ತನಾಜೆಯವರೆಗಿನ ಒಂದು ಪೂರ್ತಿ ಅವಧಿಯನ್ನು, ಕೆಲಸ ಅಥವಾ ಒಂದು ಗುಂಪಿನ ಸದಸ್ಯತ್ವ ಹಿಡಿದು, ಬಂದ ಆಮಂತ್ರಣಗಳಿಗೆಲ್ಲ ಹೋಗಿ ನೋಡಿ. ವರ್ಗಾವಣೆಯ ಅರ್ಜಿಗೆ ಕೊನೆಯ ದಿನ ಅದಕ್ಕೆ ಮೊದಲೇ ಬಂದರೆ ಅರ್ಜಿ ಕೊಟ್ಟಿಡಿ. ಹಿಂದೆಗೆದುಕೊಳ್ಳಲು ಅವಕಾಶವಿದೆಯೇ ಎಂದು ಯಜಮಾನರು ಮೊದಲೇ ಕಚೇರಿಯಲ್ಲಿ ವಿಚಾರಿಸಿಕೊಂಡರೆ ಸಾಕು.